ಅಂಚು ಪೂರ್ತಿ ನೋಡಿದ್ದಾರಾ?

ಪ್ರಿಯ ಮಿತ್ರರೇ,

ನಿಮ್ಮ ಕಾಗದ ತಲುಪಿತು. ಅಕ್ಕನ ಮೇಲ್ದುಟಿಯ ಪಕ್ಕದ ಗಂಟು ಎರಡು ಸಲ ತೆಗೆಸಿದ ಮೇಲೂ ಮತ್ತೆ ಬಂದಿದೆ. ಈ ಸಲದ ಬಯಾಪ್ಸಿ ವರದಿಯಲ್ಲಿ 'ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ' ಎಂದಿರುವುದನ್ನು ಓದಿ ಕೈಕಾಲೇ ಆಡಲಿಲ್ಲ ಎಂದು ಬರೆದಿದ್ದೀರಿ. ಹೆಸರು ಹೆದರಿಸುವಷ್ಟು ಈ ಚರ್ಮದ ಕ್ಯಾನ್ಸರ್ ಕ್ರೂರಿಯಲ್ಲ. ಬೇರೆ ಅಂಗಗಳಿಗೆ ಹಬ್ಬುವುದು ತೀರಾ ಅಪರೂಪ. ಆದರೆ ಬಲು ಮೊಂಡು.

ವೈದ್ಯಲೋಕ ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿ ಹೆಸರಿಟ್ಟದ್ದು 1982ರಲ್ಲಿ. ಮೇಲೆ ಹಳೇ ಗಾಯದ ಕಲೆಯಂತೆ ಗಟ್ಟಿಯಾಗಿ ಕೂತಿರುತ್ತದೆ, ಒಳಗೆ ನರಗಳ ಗುಂಟ ಹರಿಯುತ್ತದೆ. ಅಕ್ಕನ ತುಟಿ ಜೋಮು ಹಿಡಿದಂತಾಗುವುದು ಅದಕ್ಕೇ ಇರಬಹುದು. ಬಯಾಪ್ಸಿಗೆ ಮೇಲುಮೇಲಿನ ಚೂರನ್ನಷ್ಟೇ ತೆಗೆದರೆ ಸಾಧಾರಣ ಗಂಟೆಂದು ವರದಿ ಬರುವುದೂ ಉಂಟು. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದು ಗೊತ್ತು: ಕಂಡ ಹುಲ್ಲು ಕೈಗೆ ಬರುತ್ತದೆ, ಕಾಣದ ಬೇರು ಮಳೆಗಾಗಿ ಕಾಯುತ್ತದೆ.

ಅಂಥ ಬೇರು ಅಂಚಿನಲ್ಲಿ ಉಳಿದಿದೆಯೇ ಎಂದು ನೋಡುವ ಮಾಮೂಲಿ ಪರೀಕ್ಷೆಯಲ್ಲಿ ತೆಗೆದ ಗಂಟನ್ನು ಬ್ರೆಡ್ಡಿನಂತೆ ಹೋಳು ಮಾಡಿ, ಕೆಲವು ಹೋಳುಗಳನ್ನು ಮಾತ್ರ ನೋಡುತ್ತಾರೆ. ಒಟ್ಟು ಅಂಚಿನಲ್ಲಿ ನೂರಕ್ಕೆ ಒಂದು ಪಾಲೂ ಕಣ್ಣಿಗೆ ಬಿದ್ದಿರುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವೈದ್ಯ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಹುಡುಕಿದ ದಾರಿ ಬೇರೆ. ಈಗ ಅದರಲ್ಲಿ ಜಾಗ ಮರಗಟ್ಟಿಸಿ, ತಟ್ಟೆಯಾಕಾರದ ತೆಳು ಪದರ ತೆಗೆದು, ಅಂಚಿಗೆ ಬಣ್ಣ ಹಚ್ಚಿ ನಕ್ಷೆ ಬರೆಯುತ್ತಾರೆ. ತಳವೂ ಸುತ್ತಂಚೂ ಇಡಿಯಾಗಿ ಸೂಕ್ಷ್ಮದರ್ಶಕದ ಕೆಳಗೆ ಬರುತ್ತವೆ. ರೋಗಿ ಎಚ್ಚರವಾಗಿಯೇ ಹೊರಗೆ ಕಾದಿರುತ್ತಾರೆ. ನಕ್ಷೆಯ ಯಾವ ಮೂಲೆಯಲ್ಲಿ ಕ್ಯಾನ್ಸರ್ ಉಳಿದಿದೆಯೋ ಅಲ್ಲಿಂದ ಮಾತ್ರ ಇನ್ನೊಂದು ಪದರ. ಮುಖದಲ್ಲಿ ಕೂದಲೆಳೆಯಷ್ಟು ಒಳ್ಳೆಯ ಚರ್ಮ ಉಳಿದರೂ ಅದು ಲಾಭವೇ.

ನಮ್ಮಲ್ಲಿ ಈ ಸೌಲಭ್ಯ ಎಲ್ಲೆಡೆ ಇಲ್ಲ. ಆಗ ಗಂಟು ತೆಗೆದು, ಗಾಯಕ್ಕೆ ಬರೀ ಪಟ್ಟಿ ಕಟ್ಟಿ, ಸುತ್ತಂಚಿನ ವರದಿ ಬಂದ ಮೇಲೆ ಮುಚ್ಚುವ ಕ್ರಮವೂ ಇದೆ.

ಮುಖ ಹೇಗಾಗುತ್ತದೋ ಎಂಬ ಅಕ್ಕನ ಅಳಲಿಗೆ ಒಂದು ಹಳೇ ಸಂಗತಿ ಹೇಳಿ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ಕಸುಬುದಾರನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಚಿತ್ರಸಹಿತ ಅಚ್ಚುಹಾಕಿತು. ಅದನ್ನು ತಿಳಿದ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದೇ ಕೆಲಸ ಮಾಡಿದರು. ಕ್ಯಾನ್ಸರಿಗೆ ಮೂಗು ತೆತ್ತವರಿಗೆ ಇಂದಿಗೂ ಹಣೆಯೇ ಚರ್ಮ ಕೊಡುತ್ತದೆ. ತುಟಿಯ ಗಾಯಕ್ಕಾದರೆ ಕೆನ್ನೆಯ ಚರ್ಮ ಸರಿಸಿ ತರುತ್ತಾರೆ.

ಇನ್ನೊಂದು ಸಲ ಮೇಜು ಹತ್ತುವ ಮೊದಲು ಸರ್ಜನ್ನರನ್ನು ಸಂಕೋಚವಿಲ್ಲದೆ ಕೇಳಿ: "ಡಾಕ್ಟ್ರೇ, ಅಂಚು ಪೂರ್ತಿ ನೋಡಿದ ಮೇಲೇ ಗಾಯ ಮುಚ್ಚುತ್ತೀರಲ್ಲ?" ಗುಣವಾದ ಮೇಲೂ ವರ್ಷವರ್ಷ ತಪಾಸಣೆ ತಪ್ಪಿಸಬೇಡಿ. ಇದು ಹತ್ತು ವರ್ಷ ಸುಮ್ಮನಿದ್ದು ತಲೆಯೆತ್ತಿದ್ದೂ ಇದೆ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಗೆಳೆಯ