ರೊಟ್ಟಿ ಬಡಿಯುವ ಸಪ್ಪಳ

ಮಗಳ ಬಾಣಂತನಕ್ಕೆಂದು ನಮ್ಮಾಕಿ ಐರ್ಲೆಂಡಿನ ಕಾರ್ಕ್ ಊರಿಗೆ ಹೊರಟಾಗ ನನಗೆ ಮೂರು ಜವಾಬ್ದಾರಿ ಒಪ್ಪಿಸಿದಳು: ಗ್ಯಾಸಿನ ಪುಸ್ತಕ, ಅಂಗಳದ ತುಳಸಿ ಮತ್ತು 180 ಕಡಕ್ ರೊಟ್ಟಿ. “ಮುಂಜಾನೆ ಒಂದು, ರಾತ್ರಿ ಒಂದು. ಮೂರು ತಿಂಗಳಿಗೆ ಬರೋಬ್ಬರಿ ಆಗ್ತಾವ. ಎಣಿಸೇನಿ ಮತ್ತ!” ಎಂದು ಎಚ್ಚರಿಸಿಯೂ ಹೋದಳು. ಎಣಿಸಿದವಳು ಆಕೆ, ತಿನ್ನುವವನು ನಾನು. ಲೆಕ್ಕ ಹಾದಿ ತಪ್ಪಿದ್ದು ಅಲ್ಲೇ. ಕಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಕೆನೆಮೊಸರು ಸವರಿಕೊಂಡು ಕೂತರೆ ಎರಡನೆಯದು ಯಾವಾಗ ಮುರಿದೆ, ಮೂರನೆಯದು ಯಾವಾಗ ಮುಗಿಯಿತು ಎಂಬುದು ತಿಳಿಯುವುದೇ ಇಲ್ಲ. 40ನೆಯ ದಿನಕ್ಕೆ ಡಬ್ಬಿಯ ತಳ ಕಂಡಿತು. ತುಳಸಿ ಮಾತ್ರ ಸೊಂಪಾಗಿತ್ತು.

ಫೋನಿನಲ್ಲಿ ಅಳುಕುತ್ತಲೇ ಹೇಳಿದೆ. ಬೈಗುಳ ಬರಲಿಲ್ಲ, ಅದರ ಬದಲು ಬ್ರೌನ್ ಬ್ರೆಡ್ ಮಾಡುವ ವಿಧಾನ ಬಂತು. “ರೊಟ್ಟಿ ನಿಮ್ಮ ಕೈಲೆ ಆಗೂದಿಲ್ಲ. ಇದು ಭಾಳ ಸರಳ ಐತ್ರಿ, ಬಡಿಯೂದಿಲ್ಲ, ನಾದೂದಿಲ್ಲ.”

ರೊಟ್ಟಿಗೆ ಹುಟ್ಟಿದ ಕೈ ಬ್ರೆಡ್ಡಿಗೆ ಒಲಿದ ಕಥೆ ಹೀಗಿದೆ. ಆಕೆ ಇಲ್ಲಿಂದ 5 ಕಿಲೋ ಜೋಳದ ಹಿಟ್ಟು ಹೊತ್ತೊಯ್ದಿದ್ದಳು. ಮೊದಲ ಮುಂಜಾನೆ ಆರಕ್ಕೆದ್ದು ಪರಾತ ಇಟ್ಟುಕೊಂಡು ಟಪಟಪ ಶುರು ಮಾಡಿದ್ದಾಳೆ. ನಾಲ್ಕನೆಯ ರೊಟ್ಟಿಗೆ ಕೆಳಗಿನ ಮನೆಯ ಯಜಮಾನರು ಬಂದು ಬಾಗಿಲು ತಟ್ಟಿ, ನಲ್ಲಿ ರಿಪೇರಿ ಸಂಜೆಯತನಕ ನಡೆಯುತ್ತದೆಯೇ ಎಂದು ಬಹಳ ವಿನಯದಿಂದ ಕೇಳಿದರಂತೆ. ಮಗಳು ಅಂದೇ ಪರಾತ ಎತ್ತಿಟ್ಟಳು. ಮರುದಿನ ಎದುರುಮನೆಯ ಅಜ್ಜಿ, ಪಾಪ ಅನ್ನಿಸಿರಬೇಕು, ತಾನು ಮಾಡಿದ ಬ್ರೌನ್ ಬ್ರೆಡ್ ತಂದುಕೊಟ್ಟು, ಮಾಡುವ ಬಗೆಯನ್ನೂ ತೋರಿಸಿದಳು.

ಅದಕ್ಕೆ ಬೇಕಾದದ್ದು ತವುಡು ಸಮೇತ ಬೀಸಿದ ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಈಸ್ಟ್ ಹಾಕಿ ರಾತ್ರಿಯೆಲ್ಲ ಕಾಯುವ ಗೋಜಿಲ್ಲ. ಮಜ್ಜಿಗೆಯ ಹುಳಿ ಸೋಡಾಕ್ಕೆ ತಗುಲಿದ ಕೂಡಲೇ ಹಿಟ್ಟು ಉಸಿರೆಳೆಯತೊಡಗುತ್ತದೆ. ಐರ್ಲೆಂಡಿನ ಮಳೆಯಲ್ಲಿ ಬೆಳೆಯುವ ಗೋಧಿ ಮೆತ್ತಗಿನ ಜಾತಿಯದು, ಈಸ್ಟಿಗಿಂತ ಸೋಡಾದ ಜೊತೆಗೇ ಅದರ ಸಂಸಾರ ಚೆನ್ನ. ಬೆಣ್ಣೆ ಕಡೆದ ಮನೆಯಲ್ಲಿ ಮಜ್ಜಿಗೆಗೇನು ಬರವೇ? ಹೀಗಾಗಿ 19ನೆಯ ಶತಮಾನದಲ್ಲಿ ಸೋಡಾ ಅಲ್ಲಿಯ ಹಳ್ಳಿಗಳಿಗೆ ಬಂದಾಗ ಈ ಬ್ರೆಡ್ಡು ಬಡವರ ಮನೆಯ ದಿನದ ಊಟವಾಯಿತು. ಮೂರು ಕಾಲಿನ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಬೇಯಿಸುತ್ತಿದ್ದರಂತೆ. ಮುದ್ದೆಯ ತಲೆಯ ಮೇಲೆ ಚಾಕುವಿನಿಂದ ಶಿಲುಬೆಯಂತೆ ಗೀಟು ಹಾಕಬೇಕು. ನಡುಭಾಗಕ್ಕೆ ಕಾವು ತಲುಪಲಿ ಎಂದು ತಿಳಿದವರು, ಒಳಗಿನ ಯಕ್ಷಿಣಿಯರು ಹೊರಗೆ ಹೋಗಲಿ ಎಂದು ಅಜ್ಜಿಯರು. ಬೆಂದ ಮೇಲೆ ಅಡಿಮೇಲು ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಟೊಳ್ಳು ಸಪ್ಪಳ ಬಂದರೆ ಆಯಿತು. ಮೇಲುಸಿಪ್ಪೆ ಗಟ್ಟಿಯಾಗದಂತೆ ಬಟ್ಟೆಯಲ್ಲಿ ಸುತ್ತಿಡಬೇಕು. ನಮ್ಮಾಕಿಯ ತವರು ಇಳಕಲ್ಲು. ಅವಳ ಹಳೆಯ ಸೀರೆಯ ತುಂಡೊಂದು ಈಗ ಕಾರ್ಕಿನಲ್ಲಿ ಬ್ರೆಡ್ಡಿಗೆ ಹೊದಿಕೆಯಾಗಿದೆ.

ನಮ್ಮಲ್ಲಿ ಒಲೆ ಉಂಟು, ಓವನ್ ಇಲ್ಲ. ಕುಕ್ಕರಿನ ಸೀಟಿ, ರಬ್ಬರು ತೆಗೆದು, ತಳಕ್ಕೆ ಉಪ್ಪು ಸುರಿದು, ಅದರ ಮೇಲೆ ಡಬ್ಬಿ ಇಟ್ಟೆ. “ಹಿಟ್ಟಿಗೆ ಭಾಳ ಕೈ ಹಚ್ಚಬ್ಯಾಡ್ರಿ” ಎಂದು ಆಕೆ ಮೂರು ಸಲ ಹೇಳಿದ್ದಳು. ಆದರೆ ಉತ್ತರ ಕರ್ನಾಟಕದ ಗಂಡಸು ಜೀವನದಲ್ಲಿ ಒಮ್ಮೆ ಹಿಟ್ಟಿಗೆ ಕೈ ಹಾಕಿದಾಗ ಅಷ್ಟು ಬೇಗ ತೆಗೆಯುತ್ತಾನೆಯೇ? ಚಪಾತಿಯ ಹಿಟ್ಟನ್ನು ಅರ್ಧ ತಾಸು ಮನಸಾರೆ ನಾದಿದೆ. ಹೊರಬಂದದ್ದನ್ನು ತಟ್ಟಿದೆ. ಟೊಳ್ಳು ಸಪ್ಪಳ ಬರಲಿಲ್ಲ, ಬೆರಳು ನೋಯಿತು. ಗ್ರಾನೈಟಿಗೆ ಹೆಸರಾದ ಇಳಕಲ್ಲಿನ ಅಳಿಯ ನಾನು. ಮಾವನ ಮನೆಯ ಮರ್ಯಾದೆಗೆ ತಕ್ಕಂತೆ ಪಾಲಿಶ್ ಹೊಡೆಯುವುದೊಂದು ಬಾಕಿಯಿತ್ತು. ಪಕ್ಕದ ಮನೆಯ ಹುಡುಗಿ ಇಣುಕಿ, “ಕಾಕಾ, ರುಬ್ಬೂ ಗುಂಡು ಯಾಕ ಟೇಬಲ್ ಮ್ಯಾಲ ಇಟ್ಟೀರಿ?” ಎಂದಳು.

ಬೆರಳು ಊದಿಕೊಂಡು ಕೂತಾಗಲೇ ಹೊಳೆದದ್ದು: ನಮ್ಮ ಮನೆಯಲ್ಲಿ ರೊಟ್ಟಿ ಮುಗಿದದ್ದು ಈಗ, ರೊಟ್ಟಿಯ ಸಪ್ಪಳ ನಿಂತು ಮಾತ್ರ ಆಗಲೇ 40 ದಿನವಾಗಿತ್ತು.

ನಮ್ಮ ಬಾಗಲಕೋಟೆ ಹೋಳಿಯ ಹಲಗೆಗೆ ಹೆಸರಾದ ಊರು. ಅದು ವರ್ಷಕ್ಕೊಮ್ಮೆ. ಹಳೆಯ ಊರಿನ ಓಣಿಯಲ್ಲಿ ನಿತ್ಯದ ಹಲಗೆ ಎಂದರೆ ರೊಟ್ಟಿಯದು. ನಸುಕಿನಲ್ಲಿ ಒಂದು ಮನೆಯಲ್ಲಿ ಶುರುವಾದರೆ ಗೋಡೆಗೆ ಗೋಡೆ ಹತ್ತಿ ಓಣಿಯ ತುದಿಯವರೆಗೆ ಹರಡುತ್ತಿತ್ತು. ಬಳೆ ಸಮೇತ ಕೇಳಿಸಿದರೆ ಹೊಸ ಸೊಸೆ, ನಡುವೆ ನಿಂತು ನಿಂತು ಬಂದರೆ ಮೊಣಕೈ ನೋವಿನ ಕಾಕು, ಅಬ್ಬರವಾಗಿ ಬಂದರೆ ಆ ಮನೆಯಲ್ಲಿ ರಾತ್ರಿ ಜಗಳವಾಗಿದೆ. ಹಾಸಿಗೆಯಲ್ಲಿ ಮಲಗಿಯೇ ಓಣಿಯ ಸಮಾಚಾರ ತಿಳಿಯುತ್ತಿತ್ತು. ನಾಗರ ಪಂಚಮಿಯ ಮುಂಚೆ ಬರುವ ರೊಟ್ಟಿ ಹಬ್ಬಕ್ಕಂತೂ ಮನೆಯಿಂದ ಮನೆಗೆ ತಾಟುಗಳದೇ ಮೆರವಣಿಗೆ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳು, ಗುರೆಳ್ಳು ಚಟ್ನಿ. ಯಾರ ಮನೆಯ ರೊಟ್ಟಿ ಯಾರ ಹೊಟ್ಟೆಗೆ ಹೋಯಿತೆಂದು ಲೆಕ್ಕ ಇಟ್ಟವರಿಲ್ಲ.

ಆಮೇಲೆ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಯ ಹಿನ್ನೀರು ಘಟಪ್ರಭೆಯಗುಂಟ ಏರಿ ಬಂತು. ಜಲಾಶಯದ ಮಟ್ಟ 519.60 ಮೀಟರ್ ಎಂದು ಸರಕಾರ ಅಳೆಯಿತು. ನಮ್ಮ ಒಲೆ ಮುಳುಗಡೆಯ ಲೆಕ್ಕದಲ್ಲಿ ಬಂತು. ಪರಿಹಾರದ ಕಾಗದದಲ್ಲಿ ಗೋಡೆ, ತೊಲೆ, ಬಾಗಿಲು, ಬೇವಿನ ಮರ ಎಲ್ಲಕ್ಕೂ ಬೆಲೆ ಇತ್ತು. ಸಪ್ಪಳಕ್ಕೆ ಕಾಲಂ ಇರಲಿಲ್ಲ. ಓಣಿಯವರೆಲ್ಲ ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚೆದುರಿದೆವು. ಇಲ್ಲಿ ರಸ್ತೆ ಅಗಲ, ಮನೆ ದೂರ ದೂರ, ಗೋಡೆ ಸಿಮೆಂಟಿನದು. ಈಗಂತೂ ಬಹಳ ಮನೆಗಳಿಗೆ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಯಂತ್ರ ಒತ್ತಿದ್ದು, ಪೂರಾ ದುಂಡಗೆ. ಬಡಿದ ರೊಟ್ಟಿಯ ಅಂಚಿನಲ್ಲಿ ಬೆರಳಿನ ಗುರುತು ಇರುತ್ತಿತ್ತು. ನಾನು ಹುನಗುಂದದಲ್ಲಿ ನೌಕರಿಯಲ್ಲಿದ್ದಾಗ ಅವ್ವ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದ ಬುತ್ತಿಯ ಗಂಟನ್ನು ಬಿಚ್ಚಿದರೆ, ಯಾವುದು ಅವ್ವ ಬಡಿದದ್ದು, ಯಾವುದು ತಂಗಿ ಬಡಿದದ್ದು ಎಂದು ಅಂಚು ನೋಡಿಯೇ ಹೇಳುತ್ತಿದ್ದೆ. ಕಂಡಕ್ಟರು ತಿಂದದ್ದು ಎಷ್ಟು ಎಂಬುದು ಎಣಿಸಿದಾಗ ಗೊತ್ತಾಗುತ್ತಿತ್ತು.

ಬ್ರೆಡ್ಡು ಕಲ್ಲಾದ ಮೇಲೆ ಮನೆಯಲ್ಲಿದ್ದ ಹಳೆಯ ಜೋಳದ ಹಿಟ್ಟಿನಲ್ಲಿ ರೊಟ್ಟಿಯನ್ನೂ ಬಡಿದು ನೋಡಿದೆ, ಎಲ್ಲವೂ ಒಡೆದವು. ಹಸಿವು ಒಮ್ಮೊಮ್ಮೆ ಭಕ್ತಿಯನ್ನೂ ಹುಟ್ಟಿಸುತ್ತದೆ. ಬಾದಾಮಿ ಬಸ್ಸು ಹತ್ತಿ ಬನಶಂಕರಿಗೆ ಹೋದೆ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿನ ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯ ಉಣ್ಣುವ ತಾಯಿ ಆಕೆ, ಶಾಕಂಬರಿ. ಹಸಿದವರ ಕಷ್ಟ ಆಕೆಗೆ ಗೊತ್ತು. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳಿಗೂ ಗೊತ್ತು. ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು. ದೇವರಿಗೆ ಆಮೇಲೆ ಕೈಮುಗಿದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೂರನೆಯ ರೊಟ್ಟಿಗೆ ಧೈರ್ಯ ಬಂದು, “ಯವ್ವಾ, ನಾ ಬಡಿದರ ಒಡೀತಾವಲ್ಲ, ಯಾಕ?” ಎಂದೆ. ಬಡಿಸುತ್ತಿದ್ದಾಕೆ ನನ್ನ ಅಂಗೈ ನೋಡಿ ನಕ್ಕಳು.

“ಹಿಟ್ಟು ಎಂದ ಬೀಸಿಸಿದ್ದು?”

“ಎರಡು ತಿಂಗಳಾತು.”

“ಜಿಗಿ ಹೋಗಿರತೈತಿ. ಜ್ವಾಳಕ್ಕ ಮೊದಲ ಜಿಗಿ ಇಲ್ಲೋ ಯಪ್ಪಾ. ಹೊಸಾ ಹಿಟ್ಟಿಗೆ ಕುದಿಯೂ ಎಸರು ಹಾಕಬೇಕು, ಸುಡುಸುಡು ಇದ್ದಾಗನ ನಾದಬೇಕು. ಕೈ ಸುಡತೈತಿ ಅಂತ ಕುಂತ್ರ ರೊಟ್ಟಿ ಕೂಡೂದಿಲ್ಲ.”

ಎಷ್ಟು ನಿಜ! ಗೋಧಿಗೆ ತನ್ನದೇ ಅಂಟು ಉಂಟು, ತಣ್ಣೀರಲ್ಲೂ ಕೂಡಿಕೊಳ್ಳುತ್ತದೆ. ಜೋಳಕ್ಕೆ ಅದಿಲ್ಲ. ಕುದಿನೀರು ಬಿದ್ದು ಹಿಟ್ಟು ಬೆಂದಾಗಲೇ ಅದಕ್ಕೆ ಹಿಡಿತ, ಆಮೇಲೆ ಅಂಗೈಯ ಬಡಿತ. ಕಾರ್ಕಿನ ಬ್ರೆಡ್ಡು ಕೈ ಹಚ್ಚಿದರೆ ಕೆಡುತ್ತದೆ, ನಮ್ಮ ರೊಟ್ಟಿ ಕೈ ಬಿಟ್ಟರೆ ಕೆಡುತ್ತದೆ. ನಾನು ಎರಡನ್ನೂ ತಿರುಗಾಮುರುಗಾ ಮಾಡಿದ್ದೆ.

ಮರುದಿನ ಗಿರಣಿಯಿಂದ ಬಿಸಿ ಬಿಸಿ ಹಿಟ್ಟು ತಂದೆ. ಎಸರು ಕುದಿಸಿ ಸುರಿದೆ, ನಾದಿದೆ, ಕೈ ಸುಟ್ಟುಕೊಂಡೆ, ಉಂಡೆ ಕಟ್ಟಿ ಬಡಿಯತೊಡಗಿದೆ. ಮೊದಲನೆಯದು ಪರಾತದಲ್ಲೇ ಮೂರು ಹೋಳಾಯಿತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲಿ ನನ್ನ ಮೊಣಕೈಗೆ ಜೋತುಬಿತ್ತು. ಅಷ್ಟರಲ್ಲಿ ಫೋನು ಬಂತು. “ಆಮ್ಯಾಲ ಮಾಡ್ತೀನಿ, ರೊಟ್ಟಿ ಬಡಿಯಾಕತ್ತೀನಿ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಫೋನ್ ಅಲ್ಲೇ ಇಡ್ರಿ. ನೀವು ಬಡೀರಿ. ಸಪ್ಪಳ ಕೇಳಿ ಭಾಳ ದಿನ ಆತು” ಎಂದಳು. ಅಲ್ಲಿ ಸಪ್ಪಳವಿಲ್ಲದ ರೊಟ್ಟಿ, ಇಲ್ಲಿ ರೊಟ್ಟಿಯಿಲ್ಲದ ಸಪ್ಪಳ. ಹೀಗೆ ಕಾಲು ತಾಸು ಸಂಸಾರ ಮಾಡಿದೆವು. ಆರರಲ್ಲಿ ಒಂದು ಇಡಿಯಾಗಿ ಹಂಚಿನಿಂದ ಇಳಿಯಿತು. ಆಕಾರದಲ್ಲಿ ಅದು ಬಾಗಲಕೋಟೆ ಜಿಲ್ಲೆಯ ನಕಾಶೆಯಂತಿತ್ತು, ಹಿನ್ನೀರು ಹೊಕ್ಕ ಅಂಚುಗಳ ಸಮೇತ.

ಬಾಗಿಲ ಬಳಿ ಪಕ್ಕದ ಮನೆಯ ಹುಡುಗಿಯ ತಾಯಿ ನಿಂತಿದ್ದಳು. “ಕಾಕಾ, ಕಾಕು ಬಂದ್ರೇನ್ರೀ? ಸಪ್ಪಳ ಕೇಳಿ ಓಡಿ ಬಂದೆ.” ಸಿಮೆಂಟಿನ ಗೋಡೆಗೂ ಕಿವಿ ಇದ್ದಂತಾಯಿತು. ಆಕೆ ಪರಾತ ನೋಡಿದಳು, ನನ್ನ ಮುಖ ನೋಡಿದಳು, ಏನೂ ಅನ್ನದೆ ಹೋಗಿ ಒಂದು ತಾಟಿನ ತುಂಬ ರೊಟ್ಟಿ, ಮೇಲೆ ಪುಂಡಿಪಲ್ಯ ಇಟ್ಟು ತಂದುಕೊಟ್ಟಳು.

ಆ ತಾಟು ಎಂಟು ದಿನದಿಂದ ನಮ್ಮ ಅಡುಗೆಮನೆಯಲ್ಲೇ ಇದೆ. ನಮ್ಮ ಓಣಿಯವರಿಗೆ ಖಾಲಿ ತಾಟು ತಿರುಗಿ ಕೊಡುವ ರೂಢಿಯಿಲ್ಲ. ಅದರಲ್ಲಿಟ್ಟು ಕೊಡುವಂಥ ರೊಟ್ಟಿ ನನಗಿನ್ನೂ ಬಂದಿಲ್ಲ.