ಮಗು ಗುಂಡುಗುಂಡಾಗಿಯೇ ಇರಬೇಕಾ?

"ಮಗು ಎಷ್ಟು ಕೆಜಿ?" ಬಾಣಂತಿಯನ್ನು ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆಯೇ ಇದು. ನನ್ನ ಮಗಳು ಹುಟ್ಟಿದಾಗ 2.6 ಕೆಜಿ ಇದ್ದಳು. ಉತ್ತರ ಕೇಳಿದವರ ಮುಖದಲ್ಲಿ ಒಂದು "ಅಯ್ಯೋ ಪಾಪ" ಮೂಡುತ್ತಿತ್ತು. ಮೂರನೇ ತಿಂಗಳಲ್ಲಿ ನಮ್ಮತ್ತೆ ಮೆಲ್ಲಗೆ, "ನೋಡಮ್ಮ, ಹಾಲು ಸಾಲ್ತಿಲ್ಲ ಅನ್ಸುತ್ತೆ. ಒಂದು ಡಬ್ಬಿ ಪೌಡರ್ ತರಿಸೋಣ, ಬೇಗ ಮೈಕೈ ತುಂಬ್ಕೋತಾಳೆ" ಅಂದರು. ಅದು ಪ್ರೀತಿಯ ಮಾತೇ. ಆದರೆ ನಮ್ಮಲ್ಲಿ ಎರಡೂ ಕಡೆಯ ಅಜ್ಜಂದಿರಿಗೆ ಸಕ್ಕರೆ ಕಾಯಿಲೆ ಇದೆ. ಬೇಗ ತುಂಬಿಕೊಳ್ಳುವುದು ಮಾಂಸವೋ, ಕೊಬ್ಬೋ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿ ಹಾಲೂಡಿಸುತ್ತಾ ಮೊಬೈಲಿನಲ್ಲಿ ಓದಲು ಶುರು ಮಾಡಿದೆ.

ಮೊದಲು ಸಿಕ್ಕಿದ್ದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸ. ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿತು. ನಮ್ಮವರ ಸರಾಸರಿ ತೂಕ ಸುಮಾರು 2.7 ಕೆಜಿ, ಅಲ್ಲಿಯವರದ್ದು 3.5. ಸ್ನಾಯು, ಹೊಟ್ಟೆಯ ಸುತ್ತಳತೆ ಎಲ್ಲದರಲ್ಲೂ ನಮ್ಮ ಮಕ್ಕಳು ತುಂಬಾ ಹಿಂದೆ. ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟು ಹಿಂದಿರಲಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಊರವರೆಲ್ಲ ಮಿಷನ್ ಆಸ್ಪತ್ರೆ ಅನ್ನುವಲ್ಲಿ, 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳಲ್ಲೂ ಇದೇ ಕಂಡಿತು. ನಾಲ್ಕು ವರ್ಷವಾದಾಗಲೂ ಅವರು ಗಾತ್ರದಲ್ಲಿ ಬ್ರಿಟನ್ನಿನ ಮಕ್ಕಳಿಗಿಂತ ಚಿಕ್ಕವರು, ಆದರೆ ಬೆನ್ನಿನ ಕೊಬ್ಬು ಮಾತ್ರ ಅವರಿಗಿಂತ ಹೆಚ್ಚು. ಬಡಕಲು ಅನ್ನಿಸುವ ಮಗುವಿನಲ್ಲೂ ಕೊಬ್ಬು ಇರುತ್ತದೆ. ತಕ್ಕಡಿಗೆ ಅದು ಗೊತ್ತಾಗುವುದಿಲ್ಲ.

ಹಾಗಾದರೆ ತೂಕ ಬೇಗ ಏರಿದರೆ? ಇಂಗ್ಲೆಂಡಿನಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಎರಡು ವರ್ಷದಲ್ಲಿ ಬೆಳವಣಿಗೆ ಚಾರ್ಟಿನ ಗೆರೆ ದಾಟಿ ಮೇಲೇರಿದ ಮಕ್ಕಳಿಗೆ ಐದನೇ ವಯಸ್ಸಿನಲ್ಲಿ ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಹೆಚ್ಚಿತ್ತು. ಇದನ್ನು ಓದಿ ನನಗೆ ಭಯವೇ ಆಯಿತು. ಸಣ್ಣಗಿರುವ ನನ್ನ ಮಗಳು ತೂಕ ಏರಿಸಿಕೊಳ್ಳಲೇಬಾರದಾ?

ಉತ್ತರ ಸಿಕ್ಕಿದ್ದು ದೆಹಲಿಯಿಂದ. ಅಲ್ಲಿ 1969ರಿಂದ 1972ರ ನಡುವೆ ಹುಟ್ಟಿದವರನ್ನು ದೊಡ್ಡವರಾಗುವ ತನಕ ಅಳೆದಿದ್ದಾರೆ. ಎತ್ತರಕ್ಕೆ ತಕ್ಕ ತೂಕ ಎಳೆಯ ವಯಸ್ಸಿನಲ್ಲಿ ಹೆಚ್ಚಿದ್ದರೆ, ದೊಡ್ಡವರಾದಾಗ ಅದು ಕೊಬ್ಬಿಗಿಂತ ಸ್ನಾಯುವಾಗಿಯೇ ಹೆಚ್ಚು ಕಾಣಿಸಿತ್ತು. ಬಾಲ್ಯದ ಕೊನೆಯಲ್ಲಿ, ಹದಿಹರೆಯದಲ್ಲಿ ಹೆಚ್ಚಿದ್ದು ಕೊಬ್ಬಾಗಿ ಉಳಿದಿತ್ತು. ಮೂವತ್ತರ ಆಸುಪಾಸಿನಲ್ಲೇ ಸಕ್ಕರೆ ಕಾಯಿಲೆಯ ಕಡೆ ವಾಲಿದ್ದವರಲ್ಲಿ ಹೆಚ್ಚಿನವರು ಎರಡನೇ ವಯಸ್ಸಿನಲ್ಲಿ ತೆಳ್ಳಗಿದ್ದವರು, ಆಮೇಲೆ ಹನ್ನೆರಡರವರೆಗೆ ಒಂದೇ ಸಮನೆ ಮೈ ತುಂಬಿಕೊಂಡವರು. ಅಂದರೆ ತೂಕ ಏರುವುದೇ ತಪ್ಪಲ್ಲ. ಯಾವ ವಯಸ್ಸಿನಲ್ಲಿ, ಎಷ್ಟು ವೇಗವಾಗಿ, ಉದ್ದದ ಜೊತೆ ಏರುತ್ತಿದೆಯಾ ಅನ್ನುವುದು ಮುಖ್ಯ.

ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಅವರು ತೂಕದ ಜೊತೆ ಉದ್ದವನ್ನೂ ಅಳೆದು ಚಾರ್ಟಿನಲ್ಲಿ ಚುಕ್ಕೆ ಇಟ್ಟರು. "ಕೆಳಗಿನ ಗೆರೆಯಲ್ಲಿದ್ದಾಳೆ, ಆದ್ರೆ ತನ್ನ ಗೆರೆ ಬಿಟ್ಟಿಲ್ಲ. ಉದ್ದಾನೂ ಚೆನ್ನಾಗಿ ಬರ್ತಿದೆ. ಎದೆಹಾಲೇ ಸಾಕು" ಅಂದರು. ಆ ಚಾರ್ಟ್ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದದ್ದು. ಭಾರತವೂ ಸೇರಿ ಆರು ದೇಶಗಳ, ಎದೆಹಾಲು ಕುಡಿದ ಮಕ್ಕಳನ್ನು ಅಳೆದು ಮಾಡಿದ್ದು. ಅತ್ತೆಗೆ ಅದನ್ನೇ ತೋರಿಸಿದೆ. ಕನ್ನಡಕ ಹಾಕಿಕೊಂಡು ಚುಕ್ಕೆಗಳ ಮೇಲೆ ಬೆರಳಾಡಿಸಿ, "ಸರಿ, ಹಾಗಾದ್ರೆ ನೀನು ಸರಿಯಾಗಿ ಊಟ ಮಾಡು" ಅಂದರು. ಡಬ್ಬಿ ಬರಲಿಲ್ಲ. ಚುಕ್ಕೆಗಳು ಕೆಳಗಿಳಿಯುತ್ತಿದ್ದು, ಡಾಕ್ಟರೇ ಪೌಡರ್ ಹಾಲು ಕೊಡಿ ಅಂದಿದ್ದರೆ ಖಂಡಿತ ತರುತ್ತಿದ್ದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನೊಂದು ವಿಷಯ ಮನೆಯ ಹಿರಿಯರಿಗೂ ಗೊತ್ತಿದ್ದರೆ ಒಳ್ಳೆಯದು. ಮಕ್ಕಳು ವರ್ಷ ತುಂಬುವ ಆಸುಪಾಸಿನಲ್ಲಿ ದುಂಡಗಿದ್ದು, ನಡೆದಾಡಲು ಶುರು ಮಾಡಿದ ಮೇಲೆ ತೆಳ್ಳಗಾಗುತ್ತಾರೆ. ಸಾಮಾನ್ಯವಾಗಿ ಐದಾರು ವರ್ಷಕ್ಕೆ ಮತ್ತೆ ಮೈ ತುಂಬಲು ಶುರುವಾಗುತ್ತದೆ. ಈ ತಿರುವು ತೀರಾ ಬೇಗ ಬಂದರೆ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು. ಆದರೆ "ಮಗು ಇಳಿದುಹೋಯ್ತು" ಅಂತ ನಾವು ಬಿಸ್ಕತ್ತು, ಜ್ಯೂಸು, ಸಕ್ಕರೆ ಹಾಕಿದ ಹಾಲು ತುರುಕುವುದು ಸರಿಯಾಗಿ ಆ ತೆಳ್ಳಗಾಗುವ ವಯಸ್ಸಿನಲ್ಲೇ.

ನನ್ನ ಮಗಳಿಗೆ ಈಗ ನಾಲ್ಕೂವರೆ. ಪಕ್ಕೆಲುಬು ಸ್ವಲ್ಪ ಕಾಣುತ್ತದೆ, ದಿನವಿಡೀ ಓಡುತ್ತಾಳೆ. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಬರೆದಿಡುತ್ತೇವೆ. ಮುದ್ದೆ ಸಾರು ಅರ್ಧ ಉಂಡು "ಸಾಕು" ಅಂದರೆ ತಟ್ಟೆ ಎತ್ತಿಡುತ್ತೇನೆ. ಹೊಟ್ಟೆ ತುಂಬಿದ್ದು ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತದೆ.