ಓ ಎಂದವರು ಯಾರು

ಮಲೆ ಮಹದೇಶ್ವರ, ಅಂದರೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಹೆಸರುಗಳನ್ನು ನಾನು ಕಳೆದೆ. ಹೇಗೆ ಕಳೆದೆ ಎಂಬುದನ್ನು ಹೇಳಲೇಬೇಕು; ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಇಟ್ಟುಕೊಂಡವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ.

ಅಮಾವಾಸ್ಯೆಗೆ, ಶಿವರಾತ್ರಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಬರುತ್ತಿದ್ದ ಗುಡ್ಡರಿಂದ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಎಂಬ ಕಥಾಭಾಗಗಳನ್ನು ಕ್ಯಾಸೆಟ್ಟಿಗೆ ಹಿಡಿದು ಮನೆಯಲ್ಲಿ ಟೈಪು ಮಾಡುತ್ತಿದ್ದೆ. ಮೇಳದಲ್ಲಿ ಒಬ್ಬರು ಕಥೆ ನಡೆಸಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ನಡುವೆ ಇನ್ನೊಬ್ಬರು ಕಥೆಯನ್ನೇ ಎತ್ತಿಕೊಳ್ಳುವುದುಂಟು. ದನಿ ಬದಲಾದಲ್ಲೆಲ್ಲ ಹಾಡಿದವರ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ಹಾಕಿದ್ದೆ: ಡಿ, ಎಂ, ಎನ್.

ನನ್ನ ಕಂಪ್ಯೂಟರಿನಲ್ಲಿ ಆಫೀಸ್ 2007 ಇತ್ತು. ಅದು ಉಳಿಸಿದ ಡಾಕ್ಸ್ ಕಡತಗಳು ಕೊಳ್ಳೇಗಾಲದ ಡಿಟಿಪಿ ಅಂಗಡಿಯ ಆಫೀಸ್ 2003ರಲ್ಲಿ ತೆರೆಯಲಿಲ್ಲ. ಸೇವ್ ಆಸ್ ಪಟ್ಟಿಯಲ್ಲಿ 97-2003 ಎಂಬ ಆಯ್ಕೆ ಕಣ್ಣೆದುರೇ ಇತ್ತು, ಒತ್ತಿದ್ದರೆ ಮುಗಿಯುತ್ತಿತ್ತು. ಎಲ್ಲಿ ಬೇಕಾದರೂ ತೆರೆಯುತ್ತದೆಂದು ನಂಬಿ ಪ್ಲೇನ್ ಟೆಕ್ಸ್ಟ್ ಆರಿಸಿದೆ. ಎರಡೆರಡು ಪ್ರತಿ ಏಕೆಂದು ಮೂಲವನ್ನು ಅಳಿಸಿದೆ.

ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ರೂಪ ಕೂರಿಸುತ್ತವೆ. ದೊಡ್ಡಕ್ಷರದ ‘ಎ’ ಅನುಸ್ವಾರವಾಗುತ್ತದೆ, ‘ಡಿ’ ಆ, ‘ಎಂ’ ಒ, ‘ಎನ್’ ಓ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ತಿಳಿಸುವುದು ಫಾಂಟಿನ ಹೆಸರೊಂದೇ. ಪ್ಲೇನ್ ಟೆಕ್ಸ್ಟಿನಲ್ಲಿ ಅದು ಉಳಿಯುವುದಿಲ್ಲ. ಮೂಲ ಕಡತ ಇದ್ದಿದ್ದರೆ, ಫಾಂಟ್ ನೋಡಿ ನುಡಿಯಲ್ಲಿರುವ ಭಾಗವನ್ನಷ್ಟೇ ಹುಡುಕಿ ಬದಲಿಸಲು ವರ್ಡ್‌ನಲ್ಲೇ ದಾರಿಯಿದೆ. ವರ್ಷಗಳ ಮೇಲೆ ಯೂನಿಕೋಡಿಗೆ ಪರಿವರ್ತಿಸಿದಾಗ ಕಥೆ ಚೆನ್ನಾಗಿಯೇ ಬಂತು, ಅಕ್ಷರದ ಹಿಂದಿದ್ದ ಅರ್ಕಾವತ್ತೂ ತನ್ನ ಜಾಗಕ್ಕೆ ಬಂತು. ನನ್ನ ಗುರುತುಗಳು ಮಾತ್ರ ಆ, ಒ, ಓ ಆಗಿ ಹಾಡಿನೊಳಗೆ ಬೆರೆತಿದ್ದವು.

ಬೇರೆ ಬರಹವಾಗಿದ್ದರೆ ಒಂಟಿ ಸ್ವರಗಳನ್ನು ಹುಡುಕಿ ಹಿಂದಕ್ಕೆ ತಿರುಗಿಸಬಹುದಿತ್ತು. ಹಾಡುವವರು ಉಸಿರು ಹಿಡಿದು ಓ ಎನ್ನುತ್ತಾರೆ, ಆ ಎಂದು ರಾಗ ಎಳೆಯುತ್ತಾರೆ, ಅದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡಿದ್ದೆ. ಯಾವ ಓ ಹಾಡು, ಯಾವ ಓ ಹೆಸರು?

ಕಥೆ ಉಳಿಯಿತಲ್ಲ ಎಂದು ಸಮಾಧಾನ ಹೇಳಿದವರಿದ್ದಾರೆ. ಕಥೆಗೆ ನನ್ನ ಕಡತ ಬೇಕಿರಲಿಲ್ಲ; ಪಿ.ಕೆ. ರಾಜಶೇಖರ 1970ರ ದಶಕದಲ್ಲೇ ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದಿದ್ದರು. ಕೇಶವನ್ ಪ್ರಸಾದ್ ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕಾವ್ಯದಲ್ಲಿ ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರು ನಿಂತಿದೆ. ನನ್ನ ಗುಡ್ಡರಿಗೂ ಸಲ್ಲಬೇಕಾಗಿದ್ದು ಅದೇ. ತೀರಿಕೊಂಡ ಒಬ್ಬರ ಮಗ, “ನಮ್ಮಪ್ಪ ಹಾಡಿರೋದಷ್ಟ ಬರೆದುಕೊಡಿ ಸಾಮಿ” ಎಂದಾಗ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಈಗ ಮೇಳದವರೊಂದಿಗೇ ಕೂತು ಉಳಿದ ಕ್ಯಾಸೆಟ್ಟುಗಳನ್ನು ಕೇಳುತ್ತಿದ್ದೇನೆ. ಅವರು ದನಿ ಗುರುತಿಸುತ್ತಾರೆ, ನಾನು ಪೂರ್ತಿ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ. ಬೂಷ್ಟು ಹಿಡಿದ ಕ್ಯಾಸೆಟ್ಟುಗಳ ಭಾಗಕ್ಕೆ ‘ಹಾಡಿದವರು ತಿಳಿಯದು, ಸಂಗ್ರಹಕಾರರ ತಪ್ಪಿನಿಂದ’ ಎಂದು ಅಡಿಟಿಪ್ಪಣಿ ಹಾಕುತ್ತಿದ್ದೇನೆ.